ಚಂದಮ್ಮ ನೋಡಿದ ಪಾಲಿಶ್

ರಾಯಚೂರಿನ ಹೊರಗೆ, ಹೈದರಾಬಾದ್ ರಸ್ತೆಯ ಬದಿಯಲ್ಲಿ ರವೀಂದ್ರನ ತಗಡಿನ ಶೆಡ್ಡು ಇದೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಅಲ್ಲಿಗೆ ಹೋದಾಗ ಅವನು ಯಾವುದೋ ಕರಿಯ ಹಾಳೆಯನ್ನು ಉಜ್ಜುತ್ತಿದ್ದ. ಹಿಟ್ಟಿನಷ್ಟು ನಯವಾದ ಬಿಳಿ ಧೂಳು ಎದ್ದು, ತಗಡಿನ ತೂತಿನಿಂದ ಇಳಿದ ಬಿಸಿಲಿನ ಕೋಲಿನೊಳಗೆ ತೇಲುತ್ತಿತ್ತು. ನೀವೂ ಗಮನಿಸಿರಬಹುದು, ಅಂಥ ಧೂಳಿಗೆ ಎಲ್ಲಿಗೂ ಹೋಗುವ ಅವಸರವಿರುವುದಿಲ್ಲ. ಕೆಳಗೆ ಬೀಳುವುದಿಲ್ಲ, ಮೇಲೆ ಏರುವುದಿಲ್ಲ. ಅದನ್ನೇ ನೋಡುತ್ತ ನಿಂತವನು ಎಷ್ಟೋ ವರ್ಷ ಹಿಂದಕ್ಕೆ ಹೋಗಿ, ಮಾನ್ವಿಯ ಅಕ್ಕಿ ಗಿರಣಿಯೊಳಗೆ, ತೌಡಿನ ಚೀಲಗಳ ಮೇಲೆ ಕುಳಿತುಬಿಟ್ಟಿದ್ದೆ.

ಹೋದದ್ದು ಮಾತ್ರ ಬೇರೆ ಕೆಲಸಕ್ಕೆ. ಗೆಳೆಯ ಮಲ್ಲಣ್ಣ ತನ್ನ ತಂದೆಯ ಹಳೆಯ ಅಂಬಾಸಿಡರ್ ಕಾರನ್ನು ಮತ್ತೆ ಕಟ್ಟಿಸುತ್ತಿದ್ದಾನೆ. ತಂದೆ ಎಂದರೆ ಗಿರಣಿಯ ಸಂಗಪ್ಪ ಸಾಹುಕಾರರು. ಕಾರಿನ ಬಾನೆಟ್ಟು, ಡಿಕ್ಕಿ, ಮಡ್‌ಗಾರ್ಡುಗಳು ತುಕ್ಕು ತಿಂದು ಜರಡಿಯಾಗಿದ್ದವು. ಅವುಗಳ ಬದಲಿಗೆ ಕಾರ್ಬನ್ ಫೈಬರಿನಲ್ಲಿ ಹೊಸವನ್ನು ಮಾಡಿಕೊಟ್ಟವನು ರವೀಂದ್ರ. ವಾರವೆಲ್ಲ ಕಾಲೇಜಿನಲ್ಲಿ ಎಂಜಿನಿಯರಿಂಗ್ ಪಾಠ ಹೇಳುತ್ತಾನೆ, ರಜೆಯಲ್ಲಿ ಈ ಶೆಡ್ಡಿನಲ್ಲಿರುತ್ತಾನೆ. ಕಪ್ಪು ಎಳೆಗಳ ಬಟ್ಟೆಯನ್ನು ಅಚ್ಚಿನೊಳಗೆ ಹಾಸಿ, ಅಂಟು ಕುಡಿಸಿ, ಒಣಗಿಸಿದರೆ ಬಾನೆಟ್ಟು ತಯಾರಂತೆ. ನನ್ನಂಥ ನಿವೃತ್ತ ಉಪಸಂಪಾದಕ ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರ. ಎತ್ತಿ ನೋಡಿ, ಫೋಟೊ ತೆಗೆಯುವವರು ಯಾರೂ ಇಲ್ಲವಲ್ಲ ಎಂದು ಒಂದು ಕ್ಷಣ ಬೇಸರವೂ ಪಟ್ಟೆ.

ಉಳಿದಿದ್ದದ್ದು ಕೊನೆಯ ಲೇಪ. ರವೀಂದ್ರ ಮೂರು ಮಾದರಿ ಹಾಳೆಗಳನ್ನು ಬೆಂಚಿನ ಮೇಲಿಟ್ಟ. ಮೊದಲನೆಯದು ಕನ್ನಡಿಯಂಥ ಹೊಳಪಿನದು. ಅದರ ತಳದಲ್ಲಿ ನೇಯ್ಗೆ, ತಿಳಿನೀರಿನ ಅಡಿಯಲ್ಲಿ ಕಾಣುವ ಕಲ್ಲುಹಾಸಿನಂತಿತ್ತು. ಎರಡನೆಯದು ಹೊಳಪಿಲ್ಲದ್ದು, ಒರೆಸಿ ಒಣಗಿಸಿದ ಶಾಲೆಯ ಪಾಟಿಯ ಹಾಗೆ. ಮೂರನೆಯದಕ್ಕೆ ಕಾರಿನ ಹಳೆಯ ಕಡುನೀಲಿ ಬಣ್ಣವನ್ನೇ ಬಳಿದು ನೇಯ್ಗೆಯನ್ನು ಪೂರ್ತಿ ಮುಚ್ಚಲಾಗಿತ್ತು.

"ಕನ್ನಡಿ ಆಗಬೇಕ್ರೀ ಸರ. ನಿಂತು ನೋಡಿದ್ರ ಮಾರಿ ಕಾಣಬೇಕು," ಎಂದ ಮಲ್ಲಣ್ಣ.

"ಮಾರಿ ನೋಡಾಕ ಕನ್ನಡಿ ತಗೋರಿ, ಸಾವ್ಕಾರ್ರ. ಬಾನೆಟ್ ಯಾಕ ಬೇಕು?" ರವೀಂದ್ರ ನಗಲಿಲ್ಲ. "ಇದು ಒಮ್ಮೆ ಹೊಡದ್ರ ಮುಗೀತು. ನನಗೂ ಖಾತ್ರಿ ಆಗವಲ್ದು. ನಮ್ಮವ್ವ ನೋಡಿ ಹೇಳಲಿ, ಆಮ್ಯಾಲೆ ಹೊಡೀತೀನಿ."

ಮಲ್ಲಣ್ಣ ಹಾಳೆ ಕೆಳಗಿಟ್ಟ. "ಚಂದಮ್ಮ ಇನ್ನೂ ಅದಾಳೇನು?" ಎಂದವನು ತಡವರಿಸಿ, "ಅದಾರೇನು?" ಎಂದು ತಿದ್ದಿಕೊಂಡ.

ಅದಾರ. ದೇವದುರ್ಗದಲ್ಲಿ, ಶಾಲೆಯ ಟೀಚರ್ ಆಗಿರುವ ಮಗಳ ಮನೆಯಲ್ಲಿದ್ದಾರೆ. ಆ ಹೆಸರು ಕೇಳಿ ನಾನು ಹಾಳೆಗಳತ್ತ ತಿರುಗಿಕೊಂಡೆ. ಅದರ ಕಾರಣವನ್ನು ಆ ಇಬ್ಬರಿಗೂ ನಾನು ಎಂದೂ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ.

ನನ್ನ ಅಪ್ಪ ಆ ಗಿರಣಿಯ ಮಿಸ್ತ್ರಿ. ಶಾಲೆ ಬಿಟ್ಟ ಕೂಡಲೇ ನಾನು ಅಲ್ಲಿಗೆ ಹೋಗುತ್ತಿದ್ದೆ. ಒಳಗೆ ಸದಾ ತೌಡಿನ ಮಂಜು. ಮನುಷ್ಯರು ಅದರೊಳಗಿಂದ ಮೂಡಿ ಬರುತ್ತಿದ್ದರು, ಅದರೊಳಗೇ ಕರಗಿಹೋಗುತ್ತಿದ್ದರು. ಎಲ್ಲರ ಹುಬ್ಬೂ ಬೆಳ್ಳಗೆ. ಯಂತ್ರದ ಸದ್ದಿಗೆ ಕಿವಿ ಒಗ್ಗಿದ ಮೇಲೆ ಅದು ಕೇಳಿಸುತ್ತಲೇ ಇರಲಿಲ್ಲ. ನೀರಿನ ತಳದಲ್ಲಿ ಕುಳಿತಂತೆ ಗಂಟೆಗಟ್ಟಲೆ ಕುಳಿತಿರುತ್ತಿದ್ದೆ. ಈಗಲೂ ಕನಸಿನಲ್ಲಿ ಗಿರಣಿ ಬಂದರೆ ಸದ್ದಿಲ್ಲದೆಯೇ ಬರುತ್ತದೆ.

ಆ ಮಂಜಿನ ನಡುವೆ ಚಂದಮ್ಮ ಪಾಲಿಶ್ ನೋಡುತ್ತಿದ್ದರು. ಕೂಲಿಯ ಹೆಣ್ಣುಮಗಳು, ಓದು ಬರಹ ಇಲ್ಲ. ಯಂತ್ರದ ಬಾಯಿಂದ ಒಂದು ಹಿಡಿ ಅಕ್ಕಿ ತೆಗೆದುಕೊಂಡು ಬಾಗಿಲಿಗೆ ಬರುತ್ತಿದ್ದರು. ದೀಪದ ಬೆಳಕಿನಲ್ಲಿ ಎಂದೂ ನೋಡುತ್ತಿರಲಿಲ್ಲ, ಬಿಸಿಲಿನಲ್ಲಿಯೂ ಇಲ್ಲ. ನೆರಳೇ ಆಗಬೇಕು. ಕರಿ ಕಂಬಳಿಯ ತುಂಡಿನ ಮೇಲೆ ಅಕ್ಕಿ ಹರಡಿ, ತಲೆ ವಾಲಿಸಿ ನೋಡಿ, ಹೆಬ್ಬೆರಳಿನಿಂದ ಅಂಗೈಯಲ್ಲಿ ತಿಕ್ಕಿ, ಕೈಗೆರೆಗಳಲ್ಲಿ ಎಷ್ಟು ತೌಡು ನಿಂತಿತೆಂದು ಪರೀಕ್ಷಿಸುತ್ತಿದ್ದರು. ಆಮೇಲೆ ಒಂದೇ ಪ್ರಶ್ನೆ: "ಎಲ್ಲಿಗೆ ಹೋಗೋ ಅಕ್ಕಿ ಇದು?" ಹೋಟೆಲ್ಲಿಗಾದರೆ ಇನ್ನೊಂದು ಸಲ, ಮನೆಯ ಊಟಕ್ಕಾದರೆ ಇಷ್ಟೇ ಸಾಕು. ಅವರು ಹೇಳಿದಂತೆ ಅಪ್ಪ ಯಂತ್ರ ತಿರುಗಿಸುತ್ತಿದ್ದ. ಸಾಹುಕಾರರೂ ಆ ಮಾತಿಗೆ ಎದುರಾಡುತ್ತಿರಲಿಲ್ಲ.

ಆದರೆ ಅದೆಲ್ಲ ಗಿರಣಿಯ ಒಳಗೆ. ಚಂದಮ್ಮನ ಕೇರಿಯವರು ಊರಿಗೆಲ್ಲ ಹೋಗುವ ಅಕ್ಕಿಯನ್ನು ಮುಟ್ಟಬಹುದಿತ್ತು. ಸಾಹುಕಾರರ ಬಾವಿಯನ್ನಾಗಲಿ, ಕಾರನ್ನಾಗಲಿ ಮುಟ್ಟುವಂತಿರಲಿಲ್ಲ. ಈ ಎರಡು ನಿಯಮಗಳು ಒಂದೇ ಅಂಗಳದಲ್ಲಿ ಹೇಗೆ ಅಕ್ಕಪಕ್ಕ ಕುಳಿತಿದ್ದವೆಂದು ನೀವು ಕೇಳಿದರೆ, ಆಗ ಯಾರೂ ಹಾಗೆ ಕೇಳುತ್ತಿರಲಿಲ್ಲ ಎನ್ನುವುದಷ್ಟೇ ನನ್ನ ಉತ್ತರ.

ಒಂದು ಮಧ್ಯಾಹ್ನ ಆ ಕಾರು ಹೈದರಾಬಾದಿನಲ್ಲಿ ಹೊಸ ಬಣ್ಣ ಬಳಿಸಿಕೊಂಡು ಬಂದು ಗಿರಣಿಯ ನೆರಳಿನಲ್ಲಿ ನಿಂತಿತ್ತು. ಎಲ್ಲರೂ ಊಟಕ್ಕೆ ಕುಳಿತಿದ್ದರು. ನಾನು ಚೀಲದ ಮೇಲಿನ ನನ್ನ ಜಾಗದಲ್ಲಿದ್ದೆ. ಚಂದಮ್ಮ ಹೊರಬಂದರು. ಕಾರಿನ ಮುಂದೆ ಸ್ವಲ್ಪ ಹೊತ್ತು ನಿಂತರು. ಅಂಗೈಯನ್ನು ಬಾನೆಟ್ಟಿನ ಮೇಲಿಟ್ಟು, ಮಲಗಿದ ಎಮ್ಮೆಯ ಬೆನ್ನು ಸವರುವ ಹಾಗೆ, ನಿಧಾನವಾಗಿ ಬಾಗಿಲುಗಳ ಮೇಲಿಂದ ಕಾರಿನ ಹಿಂಬದಿಯವರೆಗೆ ಎಳೆಯುತ್ತ ಹೋದರು. ಕಡುನೀಲಿಯ ಮೇಲೆ ತೌಡಿನ ಒಂದು ಬೆಳ್ಳನೆಯ ಗೆರೆ ಮೂಡಿತು. ಅಂಥ ಚೆಲುವಾದ ಗೆರೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಂಡವನು ಏನು ಮಾಡಿದೆ? ಚೀಲದಿಂದ ಜಿಗಿದು ಓಡಿದೆ.

"ಸಾವ್ಕಾರ್ರೀ, ಚಂದಮ್ಮ ಕಾರು ಮುಟ್ಯಾಳ್ರೀ!"

ಅದು ನನ್ನ ಬದುಕಿನ ಮೊದಲ ವರದಿ. ಯಾರು, ಏನು, ಎಲ್ಲಿ, ಯಾವಾಗ, ಎಲ್ಲವೂ ಅದರಲ್ಲಿತ್ತು. ಕಣ್ಣಾರೆ ಕಂಡದ್ದು, ತಡವಿಲ್ಲದೆ ತಲುಪಿಸಿದ್ದು. ಸಾಹುಕಾರರು ಕೂಗಾಡಲಿಲ್ಲ. ಎಲ್ಲರ ಎದುರಿಗೆ ಕಾರಿನ ಮೇಲೆ ಕೊಡಗಟ್ಟಲೆ ನೀರು ಹೊಯ್ಯಿಸಿದರು. ಚಂದಮ್ಮನನ್ನು ಒಳಗಿನ ಕೆಲಸದಿಂದ ತೆಗೆದು ಭತ್ತ ಒಣಗಿಸುವ ಕಣಕ್ಕೆ ಕಳಿಸಿದರು. ಬಿಸಿಲಲ್ಲಿ, ಕಾಲಿನಿಂದ ಭತ್ತ ತಿರುವುತ್ತ ಅವರು ಹೋಗುವುದು ಬರುವುದು ನನ್ನ ಚೀಲದ ಮೇಲಿನಿಂದ ಚೆನ್ನಾಗಿ ಕಾಣುತ್ತಿತ್ತು. ಕೆಲವು ದಿನ ನೋಡಿದೆ. ಆಮೇಲೆ ಗಿರಣಿಗೆ ಹೋಗುವುದನ್ನೇ ಬಿಟ್ಟೆ. ಕೊನೆಗೆ ಅಕ್ಕಿ ಕೊಂಡವರು ಪಾಲಿಶ್ ಸರಿಯಿಲ್ಲವೆಂದು ಚೀಲಗಳನ್ನು ತಿರುಗಿ ಕಳಿಸಿದಾಗ ಸಾಹುಕಾರರು ಚಂದಮ್ಮನನ್ನು ಮತ್ತೆ ಒಳಗೆ ಕರೆದರಂತೆ, ಏನೂ ಆಗಿಲ್ಲವೆಂಬಂತೆ. ಅಪ್ಪ ಮಾತ್ರ ನಾನು ವರದಿ ಒಪ್ಪಿಸಿದ ದಿನವೇ ರೊಟ್ಟಿ ಮುರಿಯುತ್ತ ಒಂದೇ ಮಾತು ಕೇಳಿದ್ದ: "ನಿನ್ನ ಯಾರು ಕೇಳಿದ್ರಲೇ?"

ಮುಂದೆ ಪತ್ರಿಕೆ ಸೇರಿದೆ. ನಿವೃತ್ತಿಯವರೆಗೂ ಬೇರೆಯವರ ವರದಿಗಳಲ್ಲಿ ಬಿಟ್ಟುಹೋದದ್ದನ್ನು ಹುಡುಕುವುದೇ ನನ್ನ ಸಂಬಳದ ಕೆಲಸ. ನನ್ನ ಮೊದಲ ವರದಿಯನ್ನು ಮಾತ್ರ ತೆಗೆದು ನೋಡಲಿಲ್ಲ. ಚಂದಮ್ಮನ ಮಗ ರವೀಂದ್ರ ನನ್ನ ನೆರೆಯವನಾಗಿ, ಅಣ್ಣಾರ ಎಂದು ಕರೆಯತೊಡಗಿದ ಮೇಲೆ ಅದನ್ನು ತೆಗೆಯುವುದು ಇನ್ನಷ್ಟು ಕಷ್ಟವಾಯಿತು.

ಮೂವರೂ ಮಲ್ಲಣ್ಣನ ಹೊಸ ಕಾರಿನಲ್ಲಿ ದೇವದುರ್ಗಕ್ಕೆ ಹೊರಟೆವು. ಹಾಳೆಗಳನ್ನು ಹಳೆಯ ದುಪ್ಪಟ್ಟಿಯಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟಿದ್ದರು. ಸಿರವಾರದ ಹತ್ತಿರ ನಾಟಿಯ ಗದ್ದೆಗಳಲ್ಲಿ ನೀರು ನಿಂತು, ಆಕಾಶ ತುಂಡು ತುಂಡಾಗಿ ನೆಲದಲ್ಲಿ ಮಲಗಿತ್ತು. ರಸ್ತೆ ಯಾವುದು, ಮೋಡ ಯಾವುದು ಎಂದು ತಿಳಿಯದೆ ಅರೆನಿದ್ದೆಯಲ್ಲಿ ತೇಲುತ್ತಿದ್ದೆ. ಒಂದು ವಿಷಯ ಮಾತ್ರ ಎಚ್ಚರವಿತ್ತು: ಈ ಸಲ ಹೇಳಿಬಿಡಬೇಕು. ಹೇಳಿದರೆ ರವೀಂದ್ರ ನನ್ನ ಮುಖ ನೋಡದೆ ಹೋಗಬಹುದು. ಹೇಳದಿದ್ದರೆ, ಚಂದಮ್ಮನಿಗಾಗಲೇ ಎಂಬತ್ತು ದಾಟಿದೆ.

ಹೊಸ್ತಿಲ ಹೊರಗೆ ಮಲ್ಲಣ್ಣ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂಬಂತೆ ನಿಂತ.

"ಬರ್ರಿ ಸಣ್ಣ ಸಾವ್ಕಾರ್ರ. ನಮ್ಮ ಮನಿ ಬಾಗಿಲು ಯಾರ್ನೂ ತಡೆಯಂಗಿಲ್ಲ," ಎಂದರು ಚಂದಮ್ಮ. ಬುದ್ಧನ ಪಟದ ಕೆಳಗೆ ಕುರ್ಚಿಯಲ್ಲಿ ಕುಳಿತಿದ್ದರು. ಮೈ ಒಣಗಿದೆ, ಕಣ್ಣು ಚುರುಕಾಗಿಯೇ ಇದೆ. ನನ್ನತ್ತ ತಿರುಗಿ, "ಇವ ಮಿಸ್ತ್ರಿ ಮಗ ಅಲ್ಲೇನು? ತೌಡಿನ ಚೀಲದ ಮ್ಯಾಲೆ ಕುಂತು ಎಲ್ಲಾ ನೋಡಾವ?" ಎಂದರು. ನಾನು ದುಪ್ಪಟ್ಟಿ ಬಿಚ್ಚುವುದರಲ್ಲಿ ಮುಖ ಮರೆಸಿಕೊಂಡೆ.

ಹಾಳೆಗಳನ್ನು ಒಳಗೆ ನೋಡಲು ಅವರು ಒಪ್ಪಲಿಲ್ಲ. ಅಂಗಳದ ಬೇವಿನ ನೆರಳಿಗೆ ಕುರ್ಚಿ ಹಾಕಿಸಿಕೊಂಡರು. ಒಂದೊಂದನ್ನೇ ತೊಡೆಯ ಮೇಲಿಟ್ಟು, ತಲೆ ವಾಲಿಸಿ, ಹೆಬ್ಬೆರಳಿನಿಂದ ತಿಕ್ಕಿದರು.

"ಒಳಗ ಕರಿ ಕಂಬಳಿ ನೇದಾಂಗ ಅದಲ್ಲೋ ರವಿ," ಎಂದರು. ನೀಲಿಯದನ್ನು ಬದಿಗಿಟ್ಟರು. "ಇದು ಬ್ಯಾಡ. ಅಷ್ಟು ಛಂದ ನೇದು ಮುಚ್ಚಿಡೋದು ಯಾಕ?" ಹೊಳಪಿಲ್ಲದ್ದನ್ನು ತಿಕ್ಕಿ, "ಇದು ತೌಡು ಬಿಟ್ಟಿಲ್ಲ. ಎಣ್ಣಿ ಕೈ ತಾಗಿದ್ರ ಕಲೆ ಹಂಗಾ ಕುಂದ್ರತದ," ಎಂದರು. ಹೊಳಪಿನದನ್ನು ಎತ್ತಿ ಕಣ್ಣು ಕಿರಿದುಮಾಡಿದರು. "ಇದು ಮೂರು ಪಾಲಿಶ್ ಕುಡದದ. ಎಲ್ಲಿಗೆ ಹೋಗೋ ಕಾರು, ಸಾವ್ಕಾರ್ರ?"

ಮಲ್ಲಣ್ಣ ಇದನ್ನು ಯೋಚಿಸಿರಲಿಲ್ಲ. "ಎಲ್ಲಿಗೂ ಇಲ್ರೀ. ಮನಿ ಮುಂದ ನಿಂದ್ರತದ."

"ನಿಂದ್ರೋ ಕಾರಿಗೆ ಯಾವ ಪಾಲಿಶ್ ಆದ್ರೇನು? ಸಗಣಿ ಸಾರಸ್ರಿ."

ರವೀಂದ್ರ ಬಾಯಿಗೆ ಕೈ ಅಡ್ಡ ಹಿಡಿದ. ಮಲ್ಲಣ್ಣ ಕೆಂಪಾಗಿ, "ಅಮಾಸಿಗೆ ಗೂಗಲ್ ಊರಿನ ಗುಡಿಗೆ ಹೋಗ್ತೀವ್ರೀ, ಹೊಳಿ ದಂಡಿಗೆ. ನಾನಾ ನಡೆಸ್ತೀನಿ," ಎಂದ.

"ಹಂಗ ಹೇಳ್ರಿ. ಬಿಸಿಲಾಗ ಹೋಗೋ ಕಾರು. ಇಷ್ಟು ಮಿಂಚಿದ್ರ ನಡೆಸಾವನ ಕಣ್ಣಿಗೇ ಹೊಡೀತದ. ರವಿ, ಇದನ್ನಾ ಹಚ್ಚು, ಹಚ್ಚಿ ಹೊಳಪು ಒಂದು ಕೈ ಇಳಸು. ನೇಯ್ಗಿ ಕಾಣಬೇಕು, ಬಿಸಿಲು ಕಾಣಬಾರದು."

"ವಾಟರ್ ಪೇಪರ್ ಹಿಡದು ನೀರಾಗ ಉಜ್ಜಿ ಒಂದು ಸುತ್ತು ಇಳಸ್ತೀನಿ ಬೇ," ಎಂದ ರವೀಂದ್ರ. ನಾವು ತಂದ ಮೂರರಲ್ಲಿ ಇಲ್ಲದ ನಾಲ್ಕನೆಯದನ್ನು ಅವರು ಆರಿಸಿದ್ದರು. ಮಲ್ಲಣ್ಣ ಕೈ ಮುಗಿದ.

ಆಗ ಹೇಳಿದೆ. ಬರೆದುಕೊಂಡು ಬಂದವನ ಹಾಗೆ, ಒಂದೇ ಉಸಿರಿನಲ್ಲಿ. "ಯವ್ವಾ, ಅವತ್ತು ನೀವು ಕಾರು ಮುಟ್ಟಿದ್ರಿ ಅಂತ ಸಾವ್ಕಾರ್ರಿಗೆ ಹೇಳಿದಾವ ನಾನು. ಕಣಕ್ಕ ಹೋಗೋಹಂಗ ಮಾಡಿದಾವ ನಾನಾ."

ರವೀಂದ್ರ ನನ್ನನ್ನು ನೋಡಿದ. ಬೇವಿನ ಎಲೆಯೊಂದು ಹಾಳೆಯ ಮೇಲೆ ಬಿತ್ತು. ಚಂದಮ್ಮ ಅದನ್ನು ಊದಿದರು.

"ನಾ ಮುಟ್ಟಿದ್ನೇನು?" ಎಂದರು. ಧ್ವನಿಯಲ್ಲಿ ಸಿಟ್ಟಿತ್ತು, ಆದರೆ ನಾನು ಎದುರುನೋಡಿದ ಸಿಟ್ಟು ಅದಲ್ಲ. "ಮುಟ್ಟಾಕ ಅದೇನು ನನ್ನ ಕೂಸೇನು? ಪಾಲಿಶ್ ನೋಡಿದ್ನಲೇ. ಬಲಗಡಿ ಹಿಂದಿನ ಬಾಗಿಲಿಗೆ ಎರಡನೇ ಕೋಟ್ ಬಿದ್ದಿರಲಿಲ್ಲ. ಕೈಗೆ ಗೊತ್ತಾತು. ಸಾವ್ಕಾರ್ರಿಗೆ ಹೇಳಬೇಕಂತ ಹೊಂಟೆ. ಅಷ್ಟ್ರಾಗ ನೀರು ಹೊಯ್ಸಾಕತ್ತಿದ್ರು. ಯಾಕ ಮುಟ್ಟಿದಿ ಅಂತ ಒಬ್ಬ ಮಗ ಕೇಳಲಿಲ್ಲ."

ಮಲ್ಲಣ್ಣ ಮೆಲ್ಲಗೆ, "ಖರೇ ಅದರೀ," ಎಂದ. "ಮೊದಲಿಗೆ ಬಣ್ಣ ಹೊಟ್ಟು ಎದ್ದು ಕಿತ್ತಿದ್ದು ಅದಾ ಬಾಗಿಲು. ಅಪ್ಪ ಬಿಸಿಲಿಗೆ ಬೈತಿದ್ದ."

ನಾನು ಕ್ಷಮೆ ಕೇಳಲು ಹೊರಟೆ. ಅವರಿಗೆ ಬೇಕಾದದ್ದು ಅದಲ್ಲ.

"ಪೇಪರ್‌ನ್ಯಾಗ ಇದ್ದಿ ಅಂತಲ್ಲ? ತಪ್ಪು ಬಂದ್ರ ಏನ್ ಮಾಡ್ತಿದ್ರಿ?"

"ಮರುದಿನ ತಿದ್ದುಪಡಿ ಹಾಕ್ತಿದ್ವಿ."

"ಹಂಗಾರ ಹಾಕು."

ಮೂವರೂ ಹಿಂತಿರುಗಿ ಹೊರಟೆವು. ಸಿರವಾರ ದಾಟಿದ ಮೇಲೆ ರವೀಂದ್ರ ಮುಂದಿನ ಸೀಟಿನಿಂದ ಬಾಟಲಿಯನ್ನು ಹಿಂದಕ್ಕೆ ಚಾಚಿ, "ನೀರು ಕುಡೀರಿ, ಅಣ್ಣಾರ," ಎಂದ. ಕುಡಿದೆ.

ಇವತ್ತು ಶೆಡ್ಡಿನಲ್ಲಿ ಬಾನೆಟ್ಟಿನ ಮೇಲೆ ನೀರು ಬಿಟ್ಟು ಅವನು ಹೊಳಪನ್ನು ಒಂದು ಕೈ ಇಳಿಸುತ್ತಿದ್ದಾನೆ. ನೇಯ್ಗೆ ಮೆಲ್ಲಗೆ, ನಿದ್ದೆಯಿಂದ ಎದ್ದಂತೆ ಮೇಲೆ ಬರುತ್ತಿದೆ. ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತು ನಾನು ಇದನ್ನು ಬರೆದೆ. ಮುಖ್ಯವಾದ ವಾಕ್ಯವನ್ನು ಫೋನಿನಲ್ಲಿ ಚಂದಮ್ಮನಿಗೆ ಓದಿ ಹೇಳಿದೆ: "ಆ ದಿನ ಚಂದಮ್ಮ ಸಾಹುಕಾರರ ಕಾರಿನ ಪಾಲಿಶ್ ಪರೀಕ್ಷಿಸಿದರು. ಬಲಗಡೆಯ ಬಾಗಿಲಿಗೆ ಎರಡನೆಯ ಲೇಪ ಬಿದ್ದಿಲ್ಲವೆಂದು ಕಂಡುಹಿಡಿದರು."

ಅವರು ಅದನ್ನು ಇನ್ನೊಮ್ಮೆ ಓದಿಸಿದರು.

"ಬಲಗಡಿ ಬಾಗಿಲು ಎರಡು ಅದಾವಲ್ಲೋ," ಎಂದರು. "ಹಿಂದಿಂದು ಅಂತ ಬರಿ."

ಬಲಗಡೆಯ ಹಿಂದಿನ ಬಾಗಿಲು.