ಅಕ್ಕೋರ ಅಡುಗೆಮನೆಯ ಹೊಸ್ತಿಲಲ್ಲಿ ಮೊದಲ ಪುಟ

ಮುಂಗೈವರೆಗೂ ಜೋಳದ ಹಿಟ್ಟು ಮೆತ್ತಿದ ಎರಡು ಕೈಗಳೇ ನನಗೆ ಮೊದಲು ನೆನಪಾಗುತ್ತವೆ. ಬಲಗೈ ಹೆಬ್ಬೆರಳಿನ ಉಗುರು ಸೀಳಿತ್ತು, ಆ ಸಂದಿಯಲ್ಲಿ ಹಿಟ್ಟು ಯಾವಾಗಲೂ ಬೆಳ್ಳಗೆ ಕೂತಿರುತ್ತಿತ್ತು. ಆ ಕೈ ಪರಾತದ ಅಗಲ ತಟ್ಟೆಯಲ್ಲಿ ರೊಟ್ಟಿ ಬಡಿಯುತ್ತಿರುವಾಗ ನಾವು, ಅಂದರೆ ಏನೋ ಬರೆದಿಟ್ಟುಕೊಂಡು ಪ್ರಕಾಶಕರಿಗಾಗಿ ಬಾಯಿ ಬಾಯಿ ಬಿಡುತ್ತಿದ್ದವರು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನಮ್ಮ ಮೊದಲ ಪುಟ ಓದಬೇಕಿತ್ತು.

ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಆದರೂ ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಕರೆಯುವಂತೆ ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಉತ್ತರ ಕರ್ನಾಟಕದ ಪ್ರಕಾಶನವೊಂದರಲ್ಲಿ, ಬಂದ ಹಸ್ತಪ್ರತಿಗಳನ್ನೆಲ್ಲ ಮೊದಲು ಓದಿ ಆರಿಸುವ ಕೆಲಸ ಮಾಡಿದವರು. ನಿವೃತ್ತರಾದ ಮೇಲೆ ಪುಣೆಯ ಬಿಬವೇವಾಡಿಯಲ್ಲಿದ್ದ ಮಗಳ ಮನೆಗೆ ಬಂದಿದ್ದರು. ಪುಣೆಯಲ್ಲಿ ಕೂತು ಕನ್ನಡ ಬರೆಯುವ ನಮ್ಮಂಥವರಿಗೆ ಯಾವ ಪ್ರಕಾಶಕರ ಬಾಗಿಲು ಹೇಗೆ ತಟ್ಟಬೇಕೆಂದು ಹೇಳಲು ಇನ್ನಾರಿದ್ದರು? ನಾನು ಚಿಂಚವಾಡದ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಗುರುವಾರ ರಜೆ. ಬಸ್ಸು ಬದಲಿಸಿ ಅವರಲ್ಲಿಗೆ ಹೋಗುತ್ತಿದ್ದೆ.

ಅವರ ಪರೀಕ್ಷೆ ವಿಚಿತ್ರದ್ದು. ಓದು ಕೇಳುವಾಗಲೂ ಕೈ ಬಡಿಯುತ್ತಲೇ ಇದ್ದರೆ ಆ ಪುಟ ಕಸ. ಕೈ ತಾನಾಗಿ ನಿಂತು, "ಮುಂದ?" ಎಂದರೆ ಗೆದ್ದಂತೆ.

"ಪ್ರಕಾಶಕಗೂ ಕೈತುಂಬ ಕೆಲಸ ಇರ್ತದ. ಆ ಕೈ ನಿಲ್ಲಿಸೋದು ಕಲಿ," ಎನ್ನುತ್ತಿದ್ದರು.

ನನ್ನ ಕಾದಂಬರಿ ಸೂರ್ಯೋದಯದಿಂದ ಶುರುವಾಗಿತ್ತು. "ಸೂರ್ಯ ದಿನಾ ಹುಟ್ತಾನವ್ವ. ಅವನ ಸುದ್ದಿ ಎಲ್ಲಾರಿಗೂ ಗೊತ್ತದ. ನಿನ್ನ ಸುದ್ದಿ ಹೇಳು," ಎಂದು ನಕ್ಕರು. ಇಡೀ ಮಳೆಗಾಲ ನಾನು ಆ ಒಂದೇ ಪುಟ ತಿದ್ದಿದೆ. ಅವರ ಅಳಿಯ ಮರಾಠಿಯವರು. ನನ್ನನ್ನು ಕಂಡರೆ ಸಾಕು, "ಆಜ್ ಪಣ್ ಭಾಕರೀ ಕಾ?" ಎಂದು, ಇವತ್ತೂ ರೊಟ್ಟಿಯೇನಾ ಅಂತ ಕಾಡಿಸುತ್ತಿದ್ದರು.

ಕಾದಂಬರಿ ನನ್ನ ಅವ್ವನದು. ಯಾದಗಿರಿ ಕಡೆಯಿಂದ ಬಂದು, ಪುಣೆಯ ಕಟ್ಟಡಗಳಿಗೆ ಘಮೇಲಾದಲ್ಲಿ, ಆ ಕಬ್ಬಿಣದ ಬುಟ್ಟಿಯಲ್ಲಿ, ಗಾರೆ ಹೊತ್ತವಳ ಕಥೆ. ಪ್ರಕಾಶಕರಿಗೆ ಕಳಿಸುವ ಪತ್ರಕ್ಕೆಂದು ನಾನು ಕಥೆಯ ಬಗ್ಗೆ ನಾಲ್ಕು ಮಾತು ಬರೆದೊಯ್ದಿದ್ದೆ. ಅಕ್ಕೋರು ಅದನ್ನು ಬದಿಗಿಟ್ಟರು.

"ಅವ್ವ ಓದು ಬಾರದಾಕಿ, ಗಾರಿ ಹೊತ್ತಾಕಿ ಅಂತ ಮೊದಲನೇ ಸಾಲಿಗೇ ಬರಿ. ಕೈ ನಿಲ್ತದ."

ಹಾಗೇ ಬರೆದು ಕಳಿಸಿದೆವು. ಕೈ ನಿಂತಿತು ಕೂಡ. ಒಬ್ಬ ಪ್ರಕಾಶಕರು ಅಕ್ಕೋರಿಗೆ ಫೋನ್ ಮಾಡಿ, ಪುಸ್ತಕ ತರುತ್ತೇವೆ ಎಂದರು. ಅವರದು ಒಂದೇ ಮಾತು: ಘಮೇಲಾ ಹೊತ್ತ ಅವ್ವನ ಫೋಟೋ ಮುಖಪುಟಕ್ಕೆ ಬೇಕು, ಬಿಡುಗಡೆಯ ದಿನವೂ ಅವಳು ಹಾಗೆಯೇ ವೇದಿಕೆಗೆ ಬರಬೇಕು.

ಖುಷಿಯಲ್ಲಿ ಆ ಮಾತು ನನಗೆ ಚುಚ್ಚಲೇ ಇಲ್ಲ. ಫೋಟೋ ತೆಗೆಯುತ್ತಾರೆ ಎಂದಷ್ಟೇ ಹೇಳಿ ಅವ್ವನನ್ನು ಬಿಬವೇವಾಡಿಗೆ ಕರೆದೊಯ್ದೆ. ಅವಳು ಟ್ರಂಕಿನಿಂದ ಇಳಕಲ್ ಸೀರೆ ತೆಗೆದುಟ್ಟು, ಹೂ ಮುಡಿದು ಬಂದಿದ್ದಳು. ಅಕ್ಕೋರು ರೊಟ್ಟಿ ಬಡಿಯುತ್ತಲೇ ಪ್ರಕಾಶಕರ ಮಾತು ತಿಳಿಸಿದರು. ಅವ್ವ ಸೆರಗು ಸರಿಮಾಡಿಕೊಂಡಳು.

"ಅದನ್ನ ತಲಿಮ್ಯಾಲಿಂದ ಇಳಿಸಿ ಭಾಳ ವರ್ಷ ಆತ್ರಿ ಅಕ್ಕೋರ. ಮತ್ತ ಯಾಕ ಹೊರಸ್ತೀರಿ?"

ಅಕ್ಕೋರ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕಪ್ಪಾಯಿತು. ಆಮೇಲೆ ಅವರು ಹಿಟ್ಟಿನ ಕೈಯಲ್ಲೇ ಫೋನ್ ಹಿಡಿದು, "ತಾಯಿ ಫೋಟೋ ಸಿಗೂದಿಲ್ರಿ. ಕಾದಂಬರಿ ಬೇಕಾದ್ರ ತಗೋರಿ," ಎಂದರು. ನೋಡೋಣ ಎಂದವರು ಮತ್ತೆ ಫೋನ್ ಮಾಡಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಈಗಲೂ ಸ್ವಲ್ಪ ಉಳಿದಿದೆ. ಅಂಥ ಪತ್ರ ಬರೆಸಿದವರು ನೀವೇ ಅಲ್ಲವೇ ಎಂದು ಮುಂದಿನ ಗುರುವಾರ ಅಕ್ಕೋರನ್ನು ಕೇಳಿಯೇಬಿಟ್ಟೆ. ಅವರು ವಾದಕ್ಕೆ ಬರಲಿಲ್ಲ.

"ಹೌದವ್ವ. ಪುಸ್ತಕ ಮುಂದಿಡೋದು ಬಿಟ್ಟು ನಿಮ್ಮವ್ವನ್ನ ಮುಂದ ನಿಲ್ಲಿಸಿದೆ. ಭಾಳ ಮಂದೀ ಕಡೆ ಹಿಂಗ ಬರೆಸೀನಿ. ಅವರ ಮನ್ಯಾಗ ಯಾರರ ಅತ್ತರೇನೋ, ನಾ ಕೇಳಲೇ ಇಲ್ಲ."

ಅಂದಿನಿಂದ ಅವರು ನಗುವುದು ಕಡಿಮೆಯಾಯಿತು. ಕಥೆಯ ಬಗ್ಗೆ ಮಾತ್ರ ಹೊಸ ಪತ್ರ ಬರೆಸಿ, ಬೇರೆ ಬೇರೆ ಕಡೆ ತಾವೇ ಕಳಿಸಿದರು. ಫೋನ್ ಸದ್ದಾದಾಗಲೆಲ್ಲ ನನ್ನ ಮುಖ ನೋಡುತ್ತಿದ್ದರು. ಒಂದು ಉತ್ತರವೂ ಬರಲಿಲ್ಲ, ಇಂದಿಗೂ ಬಂದಿಲ್ಲ.

ಚಳಿಗಾಲದಲ್ಲಿ ಅವರಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಹಾಸಿಗೆಯ ಪಕ್ಕ ನಿಂತು ನಾನು ಹಾಳೆ ತೆಗೆದಾಗ ಬೇಡವೆಂದು ತಲೆಯಾಡಿಸಿದರು.

"ನನ್ನ ಕೈ ನಂಬಬ್ಯಾಡ. ಈಗ ಅದು ಎಲ್ಲಾದಕ್ಕೂ ನಿಂತಬಿಟ್ಟದ," ಎಂದು ತೊದಲಿದರು. ಎಡಗೈಯಿಂದ ಹಾಳೆಯನ್ನು ನನ್ನತ್ತಲೇ ಸರಿಸಿ, "ನಿಮ್ಮವ್ವಗ ಓದು. ಆಕೀನ್ನ ಬಿಟ್ಟು ಎಲ್ಲಾರಿಗೂ ಕಳಿಸೀವಿ ನೋಡು," ಎಂದರು. ಸಂಕ್ರಾಂತಿ ಕಳೆದ ವಾರದಲ್ಲಿ ಹೋಗಿಬಿಟ್ಟರು.

ಅವರಿಲ್ಲದ ಮೊದಲ ಗುರುವಾರ ನನಗೆ ಎಲ್ಲಿಗೆ ಹೋಗಬೇಕೋ ತಿಳಿಯಲಿಲ್ಲ. ಮನೆಯಲ್ಲಿ ಅವ್ವ ರೊಟ್ಟಿಗೆ ಕೂತಿದ್ದಳು. ಬಾಗಿಲಲ್ಲಿ ನಿಂತು ಮೊದಲ ಪುಟ ಓದತೊಡಗಿದೆ. ಘಮೇಲಾದ ಸಾಲು ಬಂತು. ಅವಳ ಕೈ ಬಡಿಯುತ್ತಲೇ ಇತ್ತು. ಕೂಸನ್ನು ಸಿಮೆಂಟ್ ಚೀಲಗಳ ನೆರಳಿಗೆ ಮಲಗಿಸಿದ ತಾಯಿ, ಒಂದೊಂದು ಹೊರೆ ಇಳಿಸಿದಾಗಲೂ ಆ ಕಡೆ ತಿರುಗಿ ನೋಡುವ ಸಾಲು ಬಂತು.

ಕೈ ನಿಂತಿತು. ನನ್ನ ಓದೂ ನಿಂತಿತು.

ಅವ್ವ ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ನನ್ನತ್ತ ನೋಡಿದಳು.

"ಮುಂದ?"