ನನ್ನ ವಿಡಿಯೋ ನೋಡಿದ ಯಜಮಾನರು

ಮದ್ದೂರು ದಾಟಿ ಹನಕೆರೆ ಹತ್ತಿರ ರೈಲು ನಿಧಾನವಾದಾಗ, ಪಕ್ಕದ ಸೀಟಿನ ಯಜಮಾನರ ಮೊಬೈಲಿನಿಂದ ನನ್ನದೇ ದನಿ ಕೇಳಿತು. ಆಲೆಮನೆಯ ಮುಂದೆ ತಲೆಗೆ ಟವೆಲ್ ಸುತ್ತಿಕೊಂಡು, ಬೆಲ್ಲ ಕಾಯಿಸುವ ಬಗ್ಗೆ ನಾನು ಮಾತಾಡಿದ್ದ ವಿಡಿಯೋ. ಓರೆಗಣ್ಣಲ್ಲಿ ನೋಡತೊಡಗಿದೆ. ನನ್ನ ವಿಡಿಯೋ ನೋಡುವವರೇ ಬೆರಳೆಣಿಕೆ. ಅವರೂ ಅರ್ಧ ನಿಮಿಷಕ್ಕೇ ಓಡಿಹೋಗುತ್ತಾರೆಂದು ನನ್ನ ಚಾನೆಲ್ಲಿನ ಗ್ರಾಫ್ ದಿನಾ ತೋರಿಸುತ್ತಿತ್ತು. ಈ ವಿಡಿಯೋದ ನಡುವೆ ಒಂದು ಕಡೆ ಮಾತ್ರ ಗೆರೆ ಗುಡ್ಡದಂತೆ ಏಳುತ್ತಿತ್ತು; ಆ ಜಾಗವನ್ನು ಯಾರೋ ಮತ್ತೆ ಮತ್ತೆ ನೋಡುತ್ತಿದ್ದರು. ಅದು ನಾನು ಹೇಳಿದ ಜೋಕಿನ ಮಹಿಮೆ ಅಂತ ನಂಬಿದ್ದೆ.

ಯಜಮಾನರ ಹೆಬ್ಬೆರಳು ಅಲುಗಿದಾಗೆಲ್ಲ, ಎಲ್ಲಿ ಬೇರೆ ವಿಡಿಯೋಗೆ ಹಾರಿಬಿಡುತ್ತಾರೋ ಅಂತ ನನಗೆ ದಿಗಿಲು. ಅವರು ಸೀದಾ ಆ ಜೋಕಿನ ಜಾಗಕ್ಕೇ ಹೋದರು. ನೋಡಿದರು. ಹಿಂದಕ್ಕೆಳೆದು ಮತ್ತೆ ನೋಡಿದರು. ನಗಲಿಲ್ಲ. ತಡೆಯಲಾರದೆ, "ಚೆನ್ನಾಗಿದೆಯಾ ಯಜಮಾನ್ರೇ?" ಅಂದೆ.

"ಇದ್ರಲ್ಲಿ ಇಂದೆ ಎತ್ತಿನ ಗಾಡಿ ನಿಂತದಲ್ಲ, ಆ ಎಡಗಡೆ ಎತ್ತು ನಮ್ದು ಕಣಪ್ಪ. ಆಲೆಮನೆಯವ್ರಿಗೆ ಮಾರ್ಬುಟ್ವಿ. ಮನೇಲಿ ಎಲ್ರೂ ದಿನಾ ಇದ್ನೇ ನೋಡ್ತೀವಿ," ಅಂದರು. ಆಮೇಲೆ ಪರದೆ ಮೇಲೆ ಬೆರಳು ಕುಟ್ಟಿ, "ಈ ವಯ್ಯ ಒಬ್ಬ ಅಡ್ಡ ನಿಂತವ್ನೆ. ವಸಿ ಪಕ್ಕಕ್ಕೆ ಓಗಿದ್ರೆ ಎತ್ತಿನ ಮೊಕ ಪೂರಾ ಕಾಣ್ತಿತ್ತು."

ನಾನು ಕೂತಲ್ಲೇ ವಸಿ ಪಕ್ಕಕ್ಕೆ ಸರಿದೆ.