ಹೊನ್ನುಗ್ಗಿಯ ದಿನ ಗೊಟ್ಟ ಹಾಕುತ್ತಿದ್ದ ಕಾಕಾ

ಅವನ ಬಲಗೈಯ ಎರಡು ಬೆರಳು ಸೊಟ್ಟ. ಎತ್ತಿನ ಬಾಯೊಳಗೆ ಕೈ ಹಾಕಿ ಹಾಕಿ, ದವಡೆ ಹಲ್ಲಿಗೆ ಸಿಕ್ಕು ಮುರಿದು, ಹೇಗೆ ಕೂಡಿದವೋ ಹಾಗೇ ಉಳಿದವು. ಆ ಕೈಯಲ್ಲಿ ರೊಟ್ಟಿ ಮುರಿಯುವುದನ್ನು ನೋಡಿ ನಾವು ಮಕ್ಕಳು ನಗುತ್ತಿದ್ದೆವು. ಅವನು ತಿನ್ನುವುದನ್ನು ನಿಲ್ಲಿಸುತ್ತಿರಲಿಲ್ಲ.

ಅಳವಂಡಿಯಲ್ಲಿ ನಮ್ಮ ಪಕ್ಕದ ಮನೆಯವನು. ಸಂಬಂಧವೇನಿಲ್ಲ, ಕಾಕಾ ಅನ್ನುತ್ತಿದ್ದೆ. ಕಾರಹುಣ್ಣಿಮೆಯ ಹಿಂದಿನ ದಿನ ಹೊನ್ನುಗ್ಗಿ ಹಬ್ಬ. ಹೊತ್ತು ಮುಳುಗಲು ಒಲ್ಲೆ ಅನ್ನುವಂಥ ಉದ್ದನೆಯ ಹಗಲು. ಎತ್ತಿನ ಮೈ ತೊಳೆದು, ಕೊಂಬಿಗೆ ಕೆಂಪು ಹುರಮಂಜು ಬಳಿದು, ಗೆಜ್ಜೆ ಕಟ್ಟಿ, ಹುಗ್ಗಿ ತಿನ್ನಿಸಿ ಸಂಜೆ ಆರತಿ ಬೆಳಗುವುದು. ಅದಕ್ಕೂ ಮೊದಲು ಗೊಟ್ಟ. ಓರೆಯಾಗಿ ಕೊಯ್ದ ಬಿದಿರಿನ ನಳಿಗೆಯಲ್ಲಿ ಮಜ್ಜಿಗೆ, ಅರಿಸಿನ, ಒಳ್ಳೆಣ್ಣೆ ತುಂಬಿ ಎತ್ತಿನ ಗಂಟಲಿಗೆ ಇಳಿಸಬೇಕು. ಮುಂದೆ ಬಿತ್ತನೆಯ ದುಡಿತ ಇರುತ್ತದಲ್ಲ, ಅದಕ್ಕೆ. ಇಡೀ ಓಣಿಯ ಎತ್ತುಗಳಿಗೆ ಗೊಟ್ಟ ಹಾಕುವವನು ಕಾಕಾ ಒಬ್ಬನೇ. ಹೆಂಗಸರು ಅದನ್ನು ಮುಟ್ಟುವಂತಿರಲಿಲ್ಲ.

ಅವನಿಗೆ ಅವಸರ ಗೊತ್ತಿರಲಿಲ್ಲ. ಒಂದು ಗುಟುಕು ಹಾಕಿ ಎತ್ತಿನ ಗಂಟಲಿನ ಕೆಳಗೆ ಅಂಗೈ ಇಟ್ಟು, ಅದು ನುಂಗುವವರೆಗೂ ಕಾಯುತ್ತಿದ್ದ.

“ಲಗೂ ಮುಗಸೋ ಅಣ್ಣಾ, ಹೊತ್ತಾತು,” ಅನ್ನುತ್ತಿದ್ದ ನನ್ನಪ್ಪ.

“ಹಸಿವಾಗಿದ್ರ ನೀನೂ ಬಾಯಿ ತಗಿ, ನಿನಗೂ ಎಲ್ಡು ಗೊಟ್ಟ ಹಾಕತೀನಿ.”

ಎತ್ತು ಹಿಡಿದವರಿಗೆ ಪ್ರತಿ ಸಲ ಒಂದೇ ಮಾತು: “ಮಾರಿ ಭಾಳ ಮ್ಯಾಲ ಎತ್ತಬ್ಯಾಡ್ರೋ. ಮುಗಿಲು ನೋಡಾಕ ನಿಂತಿಲ್ಲದು.”

ನಾನು ಆ ಮಾತನ್ನು ಕೇಳಿದ್ದೆ, ತಲೆಗೆ ಹಾಕಿಕೊಂಡಿರಲಿಲ್ಲ. ನಾನಾಗ ಹತ್ತು ವರ್ಷದ ಹುಡುಗಿ. ಆ ಹೊನ್ನುಗ್ಗಿಗೆ ಕಾಕಾನಿಗೆ ಮೇಲಿನ ಓಣಿಯಲ್ಲೇ ತಡವಾಯಿತು. ಅಪ್ಪ ಒಂದು ಎತ್ತು ಹೊಡೆದುಕೊಂಡು ಹಳ್ಳಕ್ಕೆ ಹೋಗಿದ್ದ, ಅವ್ವ ಒಲೆಯ ಮುಂದಿದ್ದಳು. ಮನೆಯಲ್ಲಿದ್ದದ್ದು ಕೆಂದ ಎತ್ತು. ಇಷ್ಟು ವರ್ಷ ನೋಡಿದ್ದೇನೆ, ಇದೇನು ದೊಡ್ಡದು ಅಂದುಕೊಂಡೆ. ಮಜ್ಜಿಗೆ ಚೆಲ್ಲಬಾರದೆಂದು ಮೂಗುದಾರದ ಹಗ್ಗವನ್ನು ಜಂತಿಗೆ ಜಗ್ಗಿ ಕಟ್ಟಿದೆ. ಎತ್ತಿನ ಮುಖ ಮೇಲಾಯಿತು. ಕಲ್ಲಿನ ಮೇಲೆ ನಿಂತು ಒಂದೇ ಸಲಕ್ಕೆ ಸುರಿದೆ.

ಎತ್ತು ಕೆಮ್ಮಿತು. ಮೂಗಿನಿಂದ ಹಳದಿ ನೀರು ಬಂತು. ಮಜ್ಜಿಗೆ ಉಸಿರಿನ ಹಾದಿಗೆ ಇಳಿದು ಎದೆಯೊಳಗೆ ಗೊರಗೊರ ಸದ್ದು.

ಅದೇ ಹೊತ್ತಿಗೆ ಕಾಕಾ ಬಂದ. ಹಗ್ಗ ಬಿಚ್ಚಿದ, ಮುಖ ಕೆಳಗೆ ಮಾಡಿ ಬೆನ್ನು ತಿಕ್ಕಿದ. ಸದ್ದು ನಿಲ್ಲಲಿಲ್ಲ. ನನ್ನ ಕೈಯಿಂದ ಗೊಟ್ಟ ಕಿತ್ತುಕೊಂಡು, ಗಡಿಗೆಯಲ್ಲಿ ಉಳಿದಿದ್ದ ಮಜ್ಜಿಗೆಯನ್ನು ತನ್ನ ಧೋತರದ ಮೇಲೆ ಸುರಿದುಕೊಂಡ.

“ಒಳಗ ನಡಿ. ಕೈ ತೊಳ್ಕೊ.”

“ಕಾಕಾ, ನಾನ...”

“ನನಗ ಬೈದ್ರ ಸಂಜಿಮಟ ಬೈತಾರ. ನಿನಗ ಎತ್ತು ತಿಂದಾಕಿ ಅಂದ್ರ ಸಾಯುಮಟ ಅಂತಾರ. ಯಾವನೂ ಲಗ್ನ ಆಗೂದಿಲ್ಲ. ನಡಿ.”

ಅಪ್ಪ ಬಂದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. “ಕೈ ತಪ್ಪಿತೋ ತಮ್ಮಾ,” ಅಂದ ಕಾಕಾ. ಅಪ್ಪ ಅಂದದ್ದನ್ನು ಬರೆಯಲಾರೆ. ಕಾಕಾ ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಅನ್ನಿಸಿಕೊಂಡ.

ಹುಣ್ಣಿಮೆ ಕಳೆದ ಮೂರನೇ ದಿನ ಎತ್ತು ಸತ್ತಿತು. ಮಳೆ ಬಿದ್ದಿತ್ತು, ಬಿತ್ತುವ ಹೊತ್ತು. ಕಾಕಾ ತನ್ನ ಒಂದು ಎತ್ತನ್ನು ತಂದು ನಮ್ಮ ಬಾಗಿಲಲ್ಲಿ ಕಟ್ಟಿ ಹೋದ. ನಮ್ಮ ಹೊಲ ಬಿತ್ತಿದ ಮೇಲೆಯೇ ಅದನ್ನು ಹೊಡೆದುಕೊಂಡು ಹೋಗಿ ತನ್ನದನ್ನು ಬಿತ್ತಿದ. ಅಪ್ಪ ಎತ್ತು ಹೂಡಿದ, ಕಾಕಾನ ಜೊತೆ ಮಾತು ಬಿಟ್ಟ.

ಮರುವರ್ಷದಿಂದ ಓಣಿಯವರು ಅವನನ್ನು ಗೊಟ್ಟಕ್ಕೆ ಕರೆಯಲಿಲ್ಲ. ನಮ್ಮ ಸೀಮೆಯದೇ ಭಾಗ್ಯನಗರದಿಂದ ಬೇರೊಬ್ಬ ಬರತೊಡಗಿದ. ಹೊನ್ನುಗ್ಗಿಯ ದಿನ ಕಾಕಾ ತನ್ನ ಒಂದು ಜೋಡಿಗೆ ಗೊಟ್ಟ ಹಾಕಿ ಅಂಗಳದಲ್ಲಿ ಸುಮ್ಮನೆ ಕೂತಿರುತ್ತಿದ್ದ. ಒಮ್ಮೆ ಹೋಗಿ ಕೇಳಿದೆ, “ಹೇಳಿಬಿಡ್ಲೇನು ಕಾಕಾ?”

“ನಿನ್ನ ಲಗ್ನಾ ಆಗಲಿ.”

ಹದಿನಾಲ್ಕಕ್ಕೆ ಲಗ್ನವಾಯಿತು. ಹನುಮಸಾಗರಕ್ಕೆ ಹೋದೆ. ಗಂಡ, ಅತ್ತೆ, ನಾದಿನಿಯರು. ನನ್ನ ಹೆಸರು ಚೆನ್ನಾಗಿತ್ತು. ಆಗಲೂ ಹೇಳಲಿಲ್ಲ. ಹೆದರಿಕೆ, ಇನ್ನೇನು.

ರಜಾಕಾರರ ಗದ್ದಲ ಶುರುವಾಗುವುದಕ್ಕೆ ಒಂದು ವರ್ಷ ಮೊದಲು ಕಾಕಾ ತೀರಿಕೊಂಡ. ನಾನು ತವರಿನಲ್ಲಿದ್ದೆ. ವಾಡಿಕೆಯಂತೆ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಓಣಿಯ ಹಿರಿಯನೊಬ್ಬ ಅಂದ, “ಎಲ್ಲಾ ಛಲೋ ಇತ್ತು. ಆ ಎತ್ತಿನ ಪಾಪ ಒಂದು ಹೊತ್ಕೊಂಡ ಹೋದ ನೋಡ್ರಿ.”

ನಾನು ಎದ್ದು ನಿಂತೆ. “ಗೊಟ್ಟ ಹಾಕಿದಾಕಿ ನಾನು. ಕಾಕಾ ಅಲ್ಲ.”

ಅಪ್ಪ ನನ್ನ ರಟ್ಟೆ ಹಿಡಿದು ಕೂಡಿಸಿದ. “ಸುಮ್ಮನಿರವಾ. ಕಾಕಾನ ಮ್ಯಾಲ ಮಾಯಾ ಇರ್ತೈತಿ, ಖರೆ. ಹಂಗಂತ ಹೆಣದ ಮುಂದ ಸುಳ್ಳು ಹೇಳಬಾರದು.”

“ಸುಳ್ಳಲ್ಲಪ್ಪಾ. ಹಗ್ಗ ಜಂತಿಗೆ ಕಟ್ಟಿದಾಕಿ ನಾನ.”

“ಪಾಪ, ಸಣ್ಣಾಕಿದ್ದಾಗಿಂದ ಕಾಕಾನ್ನ ಹಚ್ಕೊಂಡಿತ್ತು,” ಅಂದಳು ಯಾರೋ ಮುದುಕಿ. ಇನ್ನೊಬ್ಬಳು ನನಗೆ ಕುಡಿಯಲು ನೀರು ತಂದುಕೊಟ್ಟಳು. ನೀರು ಕೆಳಗಿಟ್ಟು ಮೂರನೇ ಸಲ ಹೇಳಿದೆ. ಅಷ್ಟರಲ್ಲಿ ಹೆಣ ಎತ್ತಿದರು.